ಶಹಾತಾ ಮುಖ ನೋಡದೆ ಹೊರಟ ದಿನ

ಏನು ಕೆಲಸ ಮಾಡುತ್ತೀಯ ಎಂದು ಯಾರಾದರೂ ಕೇಳಿದರೆ ಶಹಾತಾ ‘ಸ್ಟವ್ ರಿಪೇರಿ’ ಎನ್ನುತ್ತಿದ್ದ. ಅದು ಅರ್ಧ ಸತ್ಯ. ವಾರದಲ್ಲಿ ನಾಲ್ಕೈದು ದಿನ ಸೈಕಲ್ಲಿನ ಹಿಂದೆ ಡಬ್ಬಿ ಕಟ್ಟಿಕೊಂಡು ಊರೂರು ತಿರುಗಿ ಸೀಮೆಎಣ್ಣೆ ಸ್ಟವ್‌ಗಳ ಕಸ ತೆಗೆಯುತ್ತಿದ್ದುದು ನಿಜವೇ. ಆದರೆ ಆ ಸೀಮೆಯ ಜನ ಅವನನ್ನು ನೆನಪಿಟ್ಟುಕೊಂಡದ್ದು ಸ್ಟವ್ವಿಗಾಗಿ ಅಲ್ಲ, ಸಾವಿನ ಸುದ್ದಿಗಾಗಿ.

ನೈಲ್ ನದಿಯ ಕಾಲುವೆಗಳು ಉಪ್ಪಿನ ಕೆರೆಯ ಕಡೆಗೆ ಹರಿದು ಸೋತುಹೋಗುವ ಆ ಬಯಲಿನಲ್ಲಿ ಹೆಣವನ್ನು ಇಟ್ಟುಕೊಂಡು ಕೂರುವವರಿಲ್ಲ. ಬೆಳಿಗ್ಗೆ ಸತ್ತವರನ್ನು ಇಳಿಹೊತ್ತಿನ ಅಸರ್ ನಮಾಜು ಮುಗಿಯುತ್ತಲೇ ಮಣ್ಣು ಮಾಡಬೇಕು. ಮಸೀದಿಯ ಮೈಕು ತನ್ನ ಊರಿಗೆ ಮಾತ್ರ ಕೇಳುತ್ತದೆ. ಹೆಣ್ಣು ಕೊಟ್ಟ ಊರು, ಹೆಣ್ಣು ತಂದ ಊರು, ತಂಗಿಯ ಊರು, ಅತ್ತೆಯ ಊರು ಇವಕ್ಕೆಲ್ಲ ಯಾರು ಹೇಳಬೇಕು? ಟೆಲಿಫೋನ್ ಎಂಬುದು ಊರಗೌಡನ ಮನೆಯಲ್ಲಿ ಒಂದಿತ್ತು. ಅದು ಗೌಡನ ಹಾಗೇ ಮನಸ್ಸು ಬಂದರೆ ಮಾತಾಡುತ್ತಿತ್ತು, ಇಲ್ಲದಿದ್ದರೆ ಗರ್ರ್ ಎನ್ನುತ್ತಿತ್ತು. ಹಾಗಾಗಿ ಶಹಾತಾ ತಗಡಿನ ಕೊಳವೆಯೊಂದನ್ನು ಹೆಗಲಿಗೆ ಹಾಕಿಕೊಂಡು ಸೈಕಲ್ ಹತ್ತುತ್ತಿದ್ದ. ಊರ ಬಾಯಲ್ಲಿ ನಿಂತು, ಸತ್ತವನ ಹೆಸರು, ಅವನ ಅಪ್ಪನ ಹೆಸರು, ಅವನು ಯಾರ ಅಣ್ಣ, ಯಾರ ಬೀಗ ಎಂದು ಒಂದೊಂದಾಗಿ ಕೂಗಿ, ಮಣ್ಣಿನ ಹೊತ್ತು ಹೇಳಿ, ‘ಉಳಿಯುವವನು ದೇವರೊಬ್ಬನೇ’ ಎಂದು ಮುಗಿಸುತ್ತಿದ್ದ.

ಸಾವಿನ ಸುದ್ದಿ ಹೊತ್ತ ದಿನ ಸೈಕಲ್ಲಿನ ಗಂಟೆಗೆ ಕಪ್ಪು ಚಿಂದಿ ಸುತ್ತುವುದು ಅವನ ಅಪ್ಪನ ಕಾಲದಿಂದ ಬಂದ ಕ್ರಮ. ಜನ ಮೊದಲು ನೋಡುತ್ತಿದ್ದುದು ಗಂಟೆಯನ್ನು, ಆಮೇಲೆ ಅವನನ್ನು. ಗಂಟೆ ಬರಿದಾಗಿದ್ದರೆ ‘ಏನೋ ಕಾಗೆ, ಇವತ್ತು ಸ್ಟವ್ವಿಗೆ ಬಂದ್ಯಾ? ಪುಣ್ಯ ಬಂತು, ಟೀ ಕುಡಿ ಬಾ’ ಎಂದು ಕರೆಯುತ್ತಿದ್ದರು. ಚಿಂದಿ ಕಂಡರೆ ಅಂಗಳದಲ್ಲಿದ್ದ ಹೆಂಗಸರು ಕೂತಲ್ಲೇ ಕಲ್ಲಾಗುತ್ತಿದ್ದರು. ಹೆಸರು ತಮ್ಮವರದಲ್ಲ ಎಂದು ಗೊತ್ತಾದ ಮೇಲೇ ಅವರಿಗೆ ಉಸಿರು. ಮೂವತ್ತು ವರ್ಷ ಇಂಥ ಕಣ್ಣುಗಳ ಎದುರು ಸೈಕಲ್ ತುಳಿದ ಮನುಷ್ಯ ಸ್ವಲ್ಪ ಒರಟಾಗಿದ್ದರೆ ಅದರಲ್ಲಿ ಆಶ್ಚರ್ಯವೇನು?

ಇನ್ನೊಂದು ಕ್ರಮವೂ ಇತ್ತು. ಸತ್ತವರ ಮುಖವನ್ನು ತಾನೇ ನೋಡದೆ ಪೆಡಲಿಗೆ ಕಾಲಿಡಬಾರದು. ಹೆಂಗಸರ ಅಳು ಕೇಳಿತು, ಮಗ ಬಂದು ಹೇಳಿದ ಎಂದೆಲ್ಲ ಹೊರಡುವ ಹಾಗಿಲ್ಲ. ಒಳಗೆ ಹೋಗಬೇಕು, ಮುಸುಕು ಸರಿಸಬೇಕು, ನೋಡಬೇಕು. ‘ಒಂದ್ಸಲ ಕೂಗಿದ ಹೆಸರನ್ನ ವಾಪಸ್ ನುಂಗೋಕಾಗಲ್ಲ ಕಣೋ’ ಎಂದು ಅಪ್ಪ ಹೇಳಿದ್ದ. ಜನರ ನಂಬಿಕೆ ಇನ್ನೂ ಕೆಟ್ಟದ್ದು. ಬದುಕಿರುವವನ ಹೆಸರನ್ನು ಕೊಳವೆಯಲ್ಲಿ ಕೂಗಿದರೆ ಅವನು ಆ ದಿನ ದಾಟುವುದಿಲ್ಲ ಎಂದು ನಂಬಿದ್ದರು. ಶಹಾತಾ ಇದನ್ನು ಮುದುಕಿಯರ ಹರಟೆ ಎಂದು ನಗುತ್ತಿದ್ದ. ನಗುತ್ತಿದ್ದರೂ ಮುಖ ನೋಡದೆ ಒಮ್ಮೆಯೂ ಹೊರಟವನಲ್ಲ.

ಏಪ್ರಿಲ್ ತಿಂಗಳ ಆ ಬೆಳಿಗ್ಗೆ ಮರಳುಗಾಡಿನ ಖಮಾಸೀನ್ ಗಾಳಿ ಬೀಸತೊಡಗಿತ್ತು. ಆಕಾಶ ಅರಿಸಿನ ಕಲಸಿದ ನೀರಿನ ಹಾಗೆ ಆಗಿತ್ತು. ಶಹಾತಾ ಕಾಲುವೆಯ ಸೇತುವೆಯ ಹತ್ತಿರ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದಾಗ ಹಾಜಿ ಮುತವಲ್ಲಿಯ ಹಿರಿಮಗ ಬಸ್ಯೂನಿ ಪೇಟೆಯ ಕಡೆಯಿಂದ ಬಿರಬಿರನೆ ಬಂದ. ಕಂಕುಳಲ್ಲಿ ಬಿಳಿ ಬಟ್ಟೆಯ ಗಂಟು, ಅದರ ಮೇಲೆ ಸೋಪು, ಕರ್ಪೂರದ ಪೊಟ್ಟಣ. ಅಂಗಿಯ ತೋಳು ಮೊಣಕೈತನಕ ಒದ್ದೆ. ಹೆಣ ತೊಳೆದವನ ತೋಳು ಹೇಗಿರುತ್ತದೆ ಎಂಬುದು ಶಹಾತಾನಿಗೆ ಹೇಳಿಕೊಡಬೇಕಾಗಿರಲಿಲ್ಲ. ಹಾಜಿ ಎರಡು ತಿಂಗಳಿಂದ ಹಾಸಿಗೆ ಹಿಡಿದದ್ದು ಊರಿಗೆಲ್ಲ ಗೊತ್ತಿದ್ದ ಸಂಗತಿ.

‘ಶಹಾತಾ, ಐದು ಊರು’ ಎಂದ ಬಸ್ಯೂನಿ. ಬೆರಳು ಮಡಿಸಿ ಊರುಗಳ ಹೆಸರು ಹೇಳಿದ. ‘ಅಸರ್ ನಮಾಜಿಗೆ ಬರೋಕೆ ಹೇಳು. ಕೊನೇದು ಇಜ್ಬತ್ ಅಬು ಮಿಲ್ಹ್, ಇನ್ಶಿರಾಹ್ ಮನೆ. ಅವಳಿಗೆ ನೀನೇ ಎದುರಾಎದುರು ಹೇಳ್ಬೇಕು.’

‘ಬರ್ತಾಳಾ?’

‘ಇವತ್ತು ಬರದೆ ಇನ್ನು ಯಾವತ್ತು ಬರ್ತಾಳೆ? ಸತ್ತ ದಿನ ಬಾ ಅಂತ ಅಪ್ಪನೇ ಅಂದಿದ್ದು.’

ಅದೂ ಊರಿಗೆಲ್ಲ ಗೊತ್ತಿದ್ದದ್ದೇ. ಇನ್ಶಿರಾಹ್ ಹಾಜಿಯ ಒಬ್ಬಳೇ ಮಗಳು. ಎರಡು ವರ್ಷದ ಹಿಂದೆ ಹೆಣ್ಣು ಹೆತ್ತಳು. ಸತ್ತ ಹೆಂಡತಿಯ ಹೆಸರನ್ನು ಮೊಮ್ಮಗಳಿಗೆ ಇಡುತ್ತಾರೆಂದು ಮುದುಕ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಮಗಳು ಅತ್ತೆಯ ಹೆಸರಿಟ್ಟಳು. ಗಂಡ ಇರಾಕಿನಲ್ಲಿ ದುಡಿಯುತ್ತಿದ್ದ, ಅತ್ತೆಯ ಜೊತೆ ಒಂದೇ ಒಲೆಯಲ್ಲಿ ಬಾಳಬೇಕಾದವಳು ಇನ್ನೇನು ಮಾಡಿಯಾಳು? ಮುದುಕ ಕೇಳಲಿಲ್ಲ. ಬಾಗಿಲಿಗೆ ಕೈ ಅಡ್ಡ ಹಿಡಿದು, ‘ನಾನು ಸತ್ತ ದಿನ ಬಾ. ಅದಕ್ಕೆ ಮುಂಚೆ ಈ ಹೊಸ್ತಿಲು ತುಳಿದ್ರೆ ನೀನು ನನ್ನ ಮಗಳಲ್ಲ’ ಎಂದ. ಮಗಳೂ ಅಪ್ಪನದೇ ಹಟದವಳು. ತುಳಿಯಲೇ ಇಲ್ಲ.

‘ಮನೆಗೆ ಬಂದು ಒಂದ್ಸಲ ಮುಖ ನೋಡ್ಕೊಂಡು ಹೋಗ್ತೀನಿ’ ಎಂದ ಶಹಾತಾ.

‘ಗಾಳಿ ನೋಡಿದ್ಯಾ? ಈಗ ಹೊರಡದಿದ್ರೆ ಅವಳ ಊರು ಮುಟ್ಟಲ್ಲ. ಹೊರಡು ಮಾರಾಯ.’

ಗಾಳಿಯಂತೂ ಬಲವಾಗುತ್ತಿತ್ತು. ಶಹಾತಾ ಒದ್ದೆ ತೋಳನ್ನು ನೋಡಿದ, ಹೆಣದ ಬಟ್ಟೆಯನ್ನು ನೋಡಿದ. ಇಷ್ಟು ಸಾಕಲ್ಲವೇ ಎಂದುಕೊಂಡ. ಗಂಟೆಗೆ ಚಿಂದಿ ಸುತ್ತಿ ಹೊರಟ.

ಮೊದಲ ಊರು ಮುಟ್ಟುವ ಮುಂಚೆಯೇ ಗಾಳಿ ಅವನನ್ನು ಸೈಕಲ್ ಸಮೇತ ಬರ್ಸೀಮ್ ಹುಲ್ಲಿನ ಹೊಲಕ್ಕೆ ಕೆಡವಿತು. ಮೊಣಕಾಲು ತರಚಿತು. ಎರಡನೆಯ ಊರಿನಲ್ಲಿ ಕೂಗುತ್ತಿದ್ದಾಗ ಬಾಯಿಗೆ ಧೂಳು ಹೊಕ್ಕು, ಹಾಜಿಯ ಅಪ್ಪನ ಹೆಸರು ಗಂಟಲಲ್ಲೇ ಸಿಕ್ಕಿಹಾಕಿಕೊಂಡಿತು. ಮೂವತ್ತು ವರ್ಷದಲ್ಲಿ ಹಾಗಾದದ್ದಿಲ್ಲ. ಎರಡನೆಯ ಸಲ ಕೂಗಿದಾಗ ಅದು ತನ್ನ ದನಿಯೇ ಅಲ್ಲವೆನಿಸಿತು. ಮೂರನೆಯ ಊರಿನಲ್ಲಿ ಹಾಜಿಯ ತಂಗಿ ಫಹೀಮಾ ಬಾಗಿಲಿಗೆ ಬಂದು, ಅಳದೆ, ಅವನನ್ನೇ ದಿಟ್ಟಿಸಿದಳು.

‘ನಿನ್ನೆ ರಾತ್ರಿ ಕನಸಲ್ಲಿ ಅಣ್ಣ ಬಂದಿದ್ದ. ಚೆನ್ನಾಗಿದ್ದ, ಕಲ್ಲಂಗಡಿ ತಿಂತಿದ್ದ’ ಎಂದಳು. ‘ನೋಡ್ದ್ಯಾ ಶಹಾತಾ, ಕಣ್ಣಾರೆ ನೋಡ್ದ್ಯಾ?’

‘ಆಯ್ತಮ್ಮಾ, ತಯಾರಾಗಿ. ಅಸರ್‌ಗೆ ಮಣ್ಣು’ ಎಂದ. ನೋಡಿದೆ ಎನ್ನಲಿಲ್ಲ. ಅವಳು ಗಮನಿಸಲಿಲ್ಲ, ಅವನು ಗಮನಿಸಿದ.

ನಾಲ್ಕನೆಯ ಊರು ದಾಟಿ ಒಂದು ಮೈಲಿ ಹೋಗುವಷ್ಟರಲ್ಲಿ ಹಿಂದಿನ ಚಕ್ರಕ್ಕೆ ಜಾಲಿಮುಳ್ಳು ಹೊಕ್ಕಿತು. ಶಹಾತಾ ಗಾಳಿಗೆ ಬೆನ್ನು ಕೊಟ್ಟು ಪಂಪ್‌ಸೆಟ್ಟಿನ ಗೋಡೆಯ ಮರೆಯಲ್ಲಿ ಕೂತು ಟ್ಯೂಬು ಹೊರಗೆಳೆದ. ತೇಪೆಗೆ ಹಚ್ಚಿದ ಅಂಟಿನ ಮೇಲೂ ಧೂಳು ಕೂತು, ಒಂದು ಸಲ ಅಂಟಿಸಿದ್ದು ನಿಲ್ಲದೆ ಎರಡನೆಯ ಸಲ ಅಂಟಿಸಬೇಕಾಯಿತು. ದರಿದ್ರ ದಿನ ಎಂದು ಬೈದುಕೊಂಡ. ಅಷ್ಟರಲ್ಲಿ ಕತ್ತೆಗಾಡಿಯ ಸಪ್ಪಳ ಕೇಳಿತು. ಸೀಮೆಎಣ್ಣೆ ಮಾರುವ ಸುಬ್ಹಿ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕಾಲುವೆ ಏರಿಯ ನೇರ ದಾರಿಯಲ್ಲಿ ಬರುತ್ತಿದ್ದ.

‘ಯಾರನ್ನೋ ಹೊತ್ಕೊಂಡು ಹೊರಟಿದೀಯ, ಕಾಗೆ?’ ಎಂದ ಸುಬ್ಹಿ, ಚಿಂದಿ ನೋಡಿ.

‘ನಮ್ಮೂರಿನ ಹಾಜಿ ಮುತವಲ್ಲಿ.’

ಸುಬ್ಹಿ ಮುಖದ ಬಟ್ಟೆ ಕೆಳಗೆ ಎಳೆದ. ‘ಯಾವ ಮುತವಲ್ಲಿ? ಬಸ್ಯೂನಿ ಅಪ್ಪನಾ? ನಾನು ಅಲ್ಲಿಂದಲೇ ಬರ್ತಿರೋದು. ಒಂಬತ್ತು ಗಂಟೆಗೆ ಬಸ್ಯೂನಿ ಹೆಂಡ್ತಿ ನನ್ ಹತ್ರ ಎರಡು ಡಬ್ಬ ಎಣ್ಣೆ ಹಾಕಿಸ್ಕೊಂಡ್ಲು. ಅಳತೆ ಕಮ್ಮಿ ಅಂತ ಬೈದ್ಲು. ನಿನ್ ನಾಲಿಗೆಗಿಂತ ನನ್ ಅಳತೆ ಉದ್ದ ಇದೆ ಅಂದೆ, ನಕ್ಲು.’

‘ನಕ್ಲಾ?’

‘ನಕ್ಲು ಮಾರಾಯ. ಮನೆಯಲ್ಲಿ ಹೆಣ ಇಟ್ಕೊಂಡು ಯಾವ ಸೊಸೆ ನಗ್ತಾಳೆ? ಶಾಮಿಯಾನ ಇಲ್ಲ, ಕುರ್ಚಿ ಇಲ್ಲ. ನಾಯಿ ಕೂಡ ಬೊಗಳ್ತಿರಲಿಲ್ಲ.’ ಆಮೇಲೆ ಅವನ ಮುಖದ ಬಣ್ಣ ಬದಲಾಯಿತು. ‘ಶಹಾತಾ, ನೀನು ಮುಖ ನೋಡ್ಕೊಂಡು ತಾನೇ ಹೊರಟಿದ್ದು?’

ಶಹಾತಾ ಪಂಪು ಒತ್ತುತ್ತಲೇ ಇದ್ದ. ಸುಬ್ಹಿಗೆ ಅಷ್ಟೇ ಸಾಕಾಯಿತು. ಬಾಯಲ್ಲಿ ದೇವರ ಹೆಸರು ಹೇಳಿ ಕತ್ತೆಗೆ ಒಂದು ಏಟು ಹಾಕಿ, ಹಿಂತಿರುಗಿ ನೋಡದೆ ಹೋದ. ಅಂಟುರೋಗದವನನ್ನು ಬಿಟ್ಟು ಹೋಗುವಂತೆ ಹೋದ.

ನಾಲ್ಕು ಊರಿನಲ್ಲಿ ಕೂಗಿ ಆಗಿತ್ತು. ಈಗ ಅವನ ಮುಂದೆ ಎರಡೇ ದಾರಿ. ವಾಪಸು ಹೋಗಿ ನಿಜ ತಿಳಿದುಕೊಂಡು ಬರುವುದೆಂದರೆ ಇನ್ಶಿರಾಹ್‌ಗೆ ಸುದ್ದಿ ಮುಟ್ಟುವಾಗ ಸಂಜೆಯಾಗಿರುತ್ತದೆ. ಅಪ್ಪ ಸತ್ತದ್ದೇ ನಿಜವಾಗಿದ್ದರೆ ಅವಳು ಅವನ ಮುಖವನ್ನು ಇನ್ನು ಎಂದೂ ನೋಡುವುದಿಲ್ಲ. ಮುಂದೆ ಹೋಗಿ ಹೇಳಿದರೆ, ಸುಳ್ಳಾಗಿದ್ದರೆ? ಬದುಕಿರುವ ಅಪ್ಪನಿಗಾಗಿ ಅವಳು ಎದೆ ಬಡಿದುಕೊಳ್ಳುತ್ತಾಳೆ. ಸೊಸೆಯಂದಿರು ಕಲ್ಲುಹೃದಯದವರೂ ಇರುತ್ತಾರೆ, ನಗಲಿಕ್ಕೂ ಸಾಕು ಎಂದು ತನಗೆ ತಾನೇ ಹೇಳಿಕೊಂಡ. ಒದ್ದೆ ತೋಳನ್ನು ಮತ್ತೆ ಮತ್ತೆ ನೆನೆದ. ಅವನಿಗೆ ಭಯವಾಗಿತ್ತು, ಅದೂ ಹಾಜಿಯ ಬಗ್ಗೆ ಅಲ್ಲ, ತನ್ನ ಮೂವತ್ತು ವರ್ಷದ ಹೆಸರಿನ ಬಗ್ಗೆ. ಇದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ. ಸೈಕಲ್ಲನ್ನು ಉಪ್ಪಿನ ಕೆರೆಯ ಕಡೆಗೇ, ಇನ್ಶಿರಾಹ್‌ಳ ಊರಿಗೆ ತಿರುಗಿಸಿದ.

ಇನ್ಶಿರಾಹ್ ಅಂಗಳದ ಮಣ್ಣಿನ ಒಲೆಯ ಮುಂದೆ ರೊಟ್ಟಿ ಸುಡುತ್ತಿದ್ದಳು. ಮೊದಲು ಗಂಟೆಯನ್ನು ನೋಡಿದಳು. ರೊಟ್ಟಿಯ ಹಲಗೆ ಕೈಯಿಂದ ಜಾರಿತು.

‘ಇರಾಕಾ?’ ಎಂದಳು. ಗಂಡನೆಂದುಕೊಂಡಿದ್ದಳು.

‘ಅಲ್ಲ ಮಗಳೇ. ನಿನ್ನಪ್ಪ.’

ಅವಳು ಚೀರಲಿಲ್ಲ. ಕೈಗೆ ಅಂಟಿದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ತೆಗೆಯುತ್ತ ನಿಂತಳು. ‘ನಿಜವಾ ಚಿಕ್ಕಪ್ಪ? ಬಸ್ಯೂನಿ ನನ್ನ ಕರೆಸ್ಕೊಳ್ಳೋಕೆ ಆಟ ಕಟ್ಟಿಲ್ಲ ತಾನೇ? ಅಪ್ಪ ಬದುಕಿದ್ದಾಗ ನಾನು ಕಾಲಿಡಲ್ಲ ಅಂತ ದೇವರ ಮೇಲೆ ಆಣೆ ಮಾಡಿದೀನಿ. ನೀವು ಮುಖ ನೋಡಿದ್ರಾ?’

ಇಲ್ಲಿ ಅವನು ನಿಜ ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು.

‘ನೋಡಿದೆ’ ಎಂದ.

‘ಹೇಗಿತ್ತು?’

‘ಶಾಂತವಾಗಿತ್ತು. ಕೆನ್ನೆ ಸ್ವಲ್ಪ ಒಳಗೆ ಹೋಗಿತ್ತು. ಕಣ್ಣು ಮುಚ್ಚಿದ್ರು.’ ಸಾವಿರ ಮುಖ ನೋಡಿದವನಿಗೆ ಒಂದು ಮುಖವನ್ನು ಕಟ್ಟುವುದು ಎಷ್ಟರ ಕೆಲಸ?

ಧೂಳಿಗೆ ಹೆದರಿ ಬಾಡಿಗೆಯ ಪಿಕಪ್ ಗಾಡಿಗಳು ಒಂದೂ ಓಡುತ್ತಿರಲಿಲ್ಲ. ಇನ್ಶಿರಾಹ್ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಮೈತುಂಬ ಕಪ್ಪು ಉಟ್ಟು ಬಂದು ಸೈಕಲ್ಲಿನ ಕ್ಯಾರಿಯರ್ ಮೇಲೆ ಅಡ್ಡವಾಗಿ ಕೂತಳು. ಹನ್ನೊಂದು ಮೈಲಿ. ಗಾಳಿ ಈಗ ನೇರ ಎದುರಿಗೆ. ಎಷ್ಟು ತುಳಿದರೂ ದಾರಿಬದಿಯ ಮರ ಅಲ್ಲೇ ನಿಂತಿರುತ್ತಿತ್ತು. ಏರು ಬಂದಲ್ಲಿ ಅವಳು ಇಳಿದು ಹಿಂದಿನಿಂದ ತಳ್ಳಿದಳು. ದಾರಿಯಲ್ಲಿ ಎದುರಾದ ಒಬ್ಬಿಬ್ಬರು ಚಿಂದಿ ಕಟ್ಟಿದ ಗಂಟೆಯನ್ನೂ, ಹಿಂದೆ ಕೂತ ಕಪ್ಪುಟ್ಟ ಹೆಂಗಸನ್ನೂ ಕಂಡು ದಾರಿ ಬಿಟ್ಟು ಹೊಲಕ್ಕೆ ಇಳಿದು ನಿಂತರು.

‘ಅಪ್ಪ ಹಾಸಿಗೆ ಹಿಡಿದಾಗಲೇ ಸುದ್ದಿ ಗೊತ್ತಿತ್ತು ಚಿಕ್ಕಪ್ಪ’ ಎಂದಳು ಅವಳು ಅವನ ಬೆನ್ನ ಹಿಂದಿನಿಂದ. ‘ಹೋಗಿಬಿಡೋಣ ಅಂತ ಎರಡು ಸಲ ಅರ್ಧ ದಾರಿ ಬಂದು ವಾಪಸ್ ಹೋದೆ. ನೋಡಿದ ಕೂಡ್ಲೇ ಎದ್ದು ಕೂತು ಬೈದ್ರೆ ಏನು ಮಾಡ್ಲಿ ಅಂತ ಭಯ. ಈಗ ಬೈಯೋದೂ ಇಲ್ಲ.’

ಶಹಾತಾ ತಲೆ ತಗ್ಗಿಸಿ ತುಳಿದ. ತೇಪೆ ಬಿಟ್ಟುಕೊಳ್ಳುತ್ತಿತ್ತು. ಹಿಂದಿನ ಚಕ್ರ ರಿಮ್ಮಿನ ಮೇಲೆ ಕುಂಟತೊಡಗಿದಾಗ ಊರು ಇನ್ನೂ ಅರ್ಧ ಮೈಲಿ ಇತ್ತು. ಇಬ್ಬರೂ ಇಳಿದು ನಡೆದರು. ದೇವರೇ, ಅಳು ಕೇಳಿಸಲಿ ಎಂದು ಬೇಡಿಕೊಳ್ಳುತ್ತ ನಡೆದ. ಒಬ್ಬ ಮನುಷ್ಯ ಇನ್ನೊಬ್ಬನ ಸಾವಿಗಾಗಿ ಹೀಗೆ ಬೇಡಿಕೊಂಡದ್ದನ್ನು ಯಾರಿಗೂ ಹೇಳಲಾಗದು.

ಅಳು ಕೇಳಿಸಲಿಲ್ಲ. ಹಾಜಿಯ ಮನೆಯ ಜಗಲಿಯ ಮೇಲೆ ಬಸ್ಯೂನಿ ಒಬ್ಬನೇ ಕೂತು ಸಿಗರೇಟು ಸೇದುತ್ತಿದ್ದ. ತಂಗಿಯನ್ನು ಕಂಡು ಎದ್ದು ನಿಂತ. ಅವಳು ಅವನನ್ನು ನೋಡಲೂ ಇಲ್ಲ. ಹೊಸ್ತಿಲ ಬಳಿಯೇ ಅಷ್ಟು ಹೊತ್ತು ತಡೆದ ಅಳು ಒಡೆಯಿತು. ‘ಅಪ್ಪಾ’ ಎಂದು ಕೂಗುತ್ತ ಎರಡು ವರ್ಷ ತುಳಿಯದ ಹೊಸ್ತಿಲು ತುಳಿದು ಒಳಗೆ ಹೋದಳು.

‘ಇನ್ನೂ ಇದಾರೆ’ ಎಂದ ಬಸ್ಯೂನಿ ಪಿಸುದನಿಯಲ್ಲಿ.

ಶಹಾತಾ ಸೈಕಲ್ಲನ್ನು ನೆಲಕ್ಕೆ ಬಿಟ್ಟ. ‘ಸತ್ತಿದಾರೆ ಅಂತ ತಾನೇ ನನ್ನ ಕಳಿಸಿದ್ದು?’

‘ಬೆಳಿಗ್ಗೆ ಉಸಿರು ನಿಂತಂಗೆ ಆಗಿತ್ತು. ಮಧ್ಯಾಹ್ನ ದಾಟಲ್ಲ ಅಂದ ಕಾಂಪೌಂಡರ್. ದೂರದ ಊರು, ಇಂಥಾ ಗಾಳಿ. ನೀನು ಮುಟ್ಟೋದ್ರೊಳಗೆ ಆಗಿರುತ್ತೆ ಅಂದ್ಕೊಂಡೆ. ಆಮೇಲೆ ಬಾರ್ಲಿ ಗಂಜಿ ಕೇಳಿದ್ರು, ಕುಡಿದ್ರು.’

‘ತೋಳು ಒದ್ದೆ ಇತ್ತಲ್ಲೋ ನಿಂದು.’

‘ಹಾಸಿಗೆ ಒದ್ದೆ ಮಾಡ್ಕೊಂಡಿದ್ರು, ತೊಳೆದು ಪೇಟೆಗೆ ಓಡಿದ್ದೆ. ನೀನು ಕೇಳಿದ್ಯಾ?’

ಒಳಗೆ ಇನ್ಶಿರಾಹ್‌ಳ ಅಳು ತಟ್ಟನೆ ನಿಂತಿತು. ಶಹಾತಾ ಬಾಗಿಲಿಗೆ ಹೋಗಿ ನಿಂತ. ಮುದುಕ ಕಣ್ಣು ಬಿಟ್ಟಿದ್ದ. ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವಳ ಕಪ್ಪು ಬಟ್ಟೆಯನ್ನು, ಧೂಳು ತುಂಬಿದ ರೆಪ್ಪೆಗಳನ್ನು, ಬಾಯಿಗೆ ಒತ್ತಿಹಿಡಿದ ಕೈಯನ್ನು ನೋಡಿದ. ಕೋಪದ ಸುಳಿವೂ ಇರಲಿಲ್ಲ.

‘ಬಂದ್ಯಾ ಇನ್ಶಿರಾಹ್’ ಎಂದ. ‘ಹಾಗಾದ್ರೆ ನಾನು ಹೋದೆ ಅನ್ನು.’

‘ಇಲ್ಲಪ್ಪಾ. ಬದುಕಿದೀಯ. ಮಾತಾಡ್ತಿದೀಯಲ್ಲ.’

‘ಸತ್ತ ದಿನ ಬಾ ಅಂದಿದ್ದೆ. ನೀನು ನನ್ನ ಮಗಳು, ಮಾತು ತಪ್ಪೋಳಲ್ಲ.’ ಕೈ ಚಾಚಿ ಅವಳ ಕೈ ಹಿಡಿದುಕೊಂಡ. ‘ಒಳ್ಳೇದಾಯ್ತು. ನೋವೇ ಆಗ್ಲಿಲ್ಲ.’

ಸೊಸೆ ಚಮಚದಲ್ಲಿ ಗಂಜಿ ತಂದಳು. ಮುದುಕ ಹಲ್ಲು ಬಿಗಿಹಿಡಿದು ಮುಖ ತಿರುಗಿಸಿದ. ಇನ್ಶಿರಾಹ್ ನೀರು ಹಿಡಿದಳು. ಅದಕ್ಕೂ ತುಟಿ ತೆರೆಯಲಿಲ್ಲ. ಸತ್ತವನಿಗೆ ನೀರು ಯಾಕಮ್ಮ ಎಂದು ಮೆಲ್ಲಗೆ, ಮಗುವಿಗೆ ಬುದ್ಧಿ ಹೇಳುವಂತೆ ಹೇಳಿದ.

ಆಗ ಶಹಾತಾನಿಗೆ ನೆನಪಾಯಿತು. ನಾಲ್ಕು ಊರಿನ ಜನ ಈಗ ದಾರಿಯಲ್ಲಿದ್ದಾರೆ. ಸೈಕಲ್ಲಿಗೆ ಕೈ ಹಾಕಿದ, ಹಿಂದಿನ ಚಕ್ರದಲ್ಲಿ ಚೂರೂ ಗಾಳಿ ಇರಲಿಲ್ಲ. ಬಿಟ್ಟು ಓಡಿದ. ಐವತ್ತೆರಡು ವರ್ಷದ ಮನುಷ್ಯ, ದಿನವಿಡೀ ಗಾಳಿಯಲ್ಲಿ ತುಳಿದ ಕಾಲು. ಸೇತುವೆ ಮುಟ್ಟಿದಾಗ ಎರಡು ಊರಿನವರು ಆಗಲೇ ಅಲ್ಲಿದ್ದರು, ಕಪ್ಪುಟ್ಟ ಹೆಂಗಸರು, ತಲೆಗೆ ರುಮಾಲು ಬಿಗಿದ ಗಂಡಸರು. ಎರಡೂ ಕೈ ಅಡ್ಡ ಚಾಚಿ ನಿಂತ.

‘ಅಳಬೇಡಿ. ಯಾರೂ ದನಿ ಎತ್ತಬೇಡಿ. ಹಾಜಿ ಬದುಕಿದಾರೆ’ ಎಂದ.

ಯಾರೂ ಸಂತೋಷಪಡಲಿಲ್ಲ. ಒಬ್ಬೊಬ್ಬರಾಗಿ ಒಂದು ಹೆಜ್ಜೆ ಹಿಂದೆ ಸರಿದರು. ಒಬ್ಬ ಮುದುಕಿ, ‘ಕೂಗಿ ಬಂದ್ಯಲ್ಲೋ ಪಾಪಿ’ ಎಂದಳು. ವಾಪಸು ಹೋಗಿ ಎಂದು ಕೈಮುಗಿದ. ಅವರು ಹೋಗಲಿಲ್ಲ. ಕಾಲುವೆಯ ಏರಿಯ ಮೇಲೆ ಸಾಲಾಗಿ, ಮುಖಕ್ಕೆ ಸೆರಗು ಮುಚ್ಚಿ ಕೂತುಬಿಟ್ಟರು. ಇಷ್ಟು ದೂರ ಬಂದಾಗಿದೆ, ಹೇಗೂ ಸಂಜೆಯೊಳಗೆ ಸಾವು ಆಗುತ್ತದೆ ಎಂಬುದು ಅವರ ಲೆಕ್ಕ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಫಹೀಮಾಳ ಊರಿನವರು ಈ ದಾರಿಯಲ್ಲಿ ಬರಲಿಲ್ಲ. ಅವರು ಮನೆಯ ಹಿಂದಿನ ಹೊಲದ ದಾರಿ ಹಿಡಿದಿದ್ದರು. ಶಹಾತಾ ಸೇತುವೆಯ ಮೇಲಿರುವಾಗಲೇ ಆ ಕಡೆಯಿಂದ ಇಪ್ಪತ್ತು ಹೆಂಗಸರ ಗೋಳು ಒಮ್ಮೆಲೇ ಎದ್ದಿತು. ಗಾಳಿ ಅದನ್ನು ಎತ್ತಿ ಊರ ತುಂಬ ಸುರಿಯಿತು. ಇನ್ನು ಓಡಿ ಫಲವಿರಲಿಲ್ಲ.

ಒಳಗೆ ನಡೆದದ್ದನ್ನು ಆಮೇಲೆ ಬಸ್ಯೂನಿಯ ಹೆಂಡತಿ ಹೇಳಿದಳು. ಗೋಳು ಕೇಳಿ ಮುದುಕ ಕಿವಿಗೊಟ್ಟನಂತೆ. ‘ಅದು ಫಹೀಮಾ ದನಿ. ಪಾಪ, ಗಂಟಲು ಹರ್ಕೊಳ್ತಿದಾಳೆ’ ಎಂದನಂತೆ. ಇನ್ಶಿರಾಹ್ ಅವನ ಕಿವಿ ಮುಚ್ಚಲು ಹೋದಳಂತೆ. ಆ ಕೈಯನ್ನೇ ತೆಗೆದು ಕೆನ್ನೆಗೆ ಒತ್ತಿಕೊಂಡು, ಮೊಮ್ಮಗಳು ನಡೆಯುತ್ತಾಳಾ ಎಂದು ಕೇಳಿದನಂತೆ. ನಡೆಯುತ್ತಾಳೆ, ಓಡುತ್ತಾಳೆ ಎಂದಳಂತೆ ಇವಳು. ಅಷ್ಟೇ ಮಾತು. ಸೂರ್ಯ ಮುಳುಗುವ ಮುಂಚೆ ಉಸಿರು ನಿಂತಿತು. ಏರಿಯ ಮೇಲೆ ಕೂತವರು ಎದ್ದು, ಬಟ್ಟೆಯ ಧೂಳು ಕೊಡವಿಕೊಂಡು, ಶಹಾತಾನ ಪಕ್ಕದಿಂದ ನಡೆದುಹೋದರು. ಮಣ್ಣು ಅಂದೇ ಆಯಿತು. ನಾಲ್ಕು ಊರಿನ ಜನ ತಯಾರಾಗಿಯೇ ಇದ್ದರಲ್ಲ.

ಜನ ಕರಗಿದ ಮೇಲೆ ಇನ್ಶಿರಾಹ್ ಕೊಡ ಹಿಡಿದು ಅಂಗಳದ ಬೋರಿನ ಹತ್ತಿರ ಬಂದಳು. ಶಹಾತಾ ಅಲ್ಲಿ ಮೊಣಕಾಲಿನ ಗಾಯ ತೊಳೆಯುತ್ತಿದ್ದ. ಎದ್ದು ನಿಂತ.

‘ಮುಖ ನೋಡಿದೆ ಅಂದ್ರಲ್ಲ ಚಿಕ್ಕಪ್ಪ. ನೋಡಿರಲಿಲ್ಲ ಅಲ್ವಾ?’

‘ಇಲ್ಲ ಮಗಳೇ. ನನ್ನ ತಪ್ಪು ಮುಚ್ಕೊಳ್ಳೋಕೆ ಹಾಗಂದೆ.’

ಅವಳು ತಲೆಯಾಡಿಸಿದಳು. ಕೂಗಾಡುತ್ತಾಳೆಂದು ಅವನು ಕಾದ, ಕೂಗಾಡಲಿಲ್ಲ.

‘ನೀವು ನಿಜ ಹೇಳಿದ್ರೆ ನಾನು ಬರ್ತಿರಲಿಲ್ಲ’ ಎಂದಳು. ‘ನಾನು ಬರದಿದ್ರೆ ಅವರು ಗಂಜಿ ಕುಡೀತಿದ್ರು. ಇನ್ನೂ ನಾಲ್ಕು ದಿನ ಇರ್ತಿದ್ರೋ, ತಿಂಗಳು ಇರ್ತಿದ್ರೋ. ಇದ್ದಷ್ಟು ದಿನವೂ ನನ್ನ ಕೈ ಹಿಡ್ಕೊಳ್ತಿರಲಿಲ್ಲ.’ ಅಂಗೈಯನ್ನು ಒಮ್ಮೆ ನೋಡಿಕೊಂಡಳು. ‘ನಾನು ನಿಮ್ಮ ಕಾಲಿಗೆ ಬೀಳ್ಬೇಕೋ, ನಿಮಗೆ ಶಾಪ ಹಾಕ್ಬೇಕೋ? ನೀವೇ ಹೇಳಿ, ಹಾಗೇ ಮಾಡ್ತೀನಿ.’

ಅವಳು ಕೇಳಿದ್ದು ಬರೀ ಮಾತಿಗಲ್ಲ. ಉತ್ತರಕ್ಕಾಗಿ ನಿಜವಾಗಿಯೇ ನಿಂತಿದ್ದಳು. ಐದು ಊರಿಗೆ ಕೇಳುವಂತೆ ಕೂಗಬಲ್ಲ ಮನುಷ್ಯ ಅವಳ ಕೈಯ ಕೊಡ ತೆಗೆದುಕೊಂಡು, ಬೋರಿನ ಕೆಳಗಿಟ್ಟು ನೀರು ಹೊಡೆಯತೊಡಗಿದ. ಕೊಡ ತುಂಬುವವರೆಗೆ ಅವಳು ಕಾದಳು, ಆಮೇಲೆ ಅದನ್ನೆತ್ತಿಕೊಂಡು ಒಳಗೆ ಹೋದಳು.